ತಡವಾದ ಇಪ್ಪತ್ತಾರು ಗಂಟೆ: ಮೆಲ್ಬರ್ನ್‌ನ ಇಂಗ್ಲಿಷ್ ಕೋರ್ಸೊಂದರ ಹಾಜರಾತಿ ಪ್ರಕರಣ

ಆಸ್ಟ್ರೇಲಿಯಾಕ್ಕೆ ವಿದ್ಯಾರ್ಥಿ ವೀಸಾದಲ್ಲಿ ಇಂಗ್ಲಿಷ್ ಕಲಿಯಲು ಹೋದವರು ನಿಗದಿಯಾದ ತರಗತಿಯ ಗಂಟೆಗಳಲ್ಲಿ ಕನಿಷ್ಠ ಶೇ. 80ರಷ್ಟಕ್ಕೆ ಹಾಜರಿರಬೇಕು. ದಾವಣಗೆರೆಯಿಂದ ಮೆಲ್ಬರ್ನ್‌ಗೆ ಹೋದ 24 ವರ್ಷದ ವಿದ್ಯಾರ್ಥಿನಿಯೊಬ್ಬಳ ಹಾಜರಾತಿ ಕೋರ್ಸಿನ 13ನೇ ವಾರದಲ್ಲಿ ಶೇ. 77.5ಕ್ಕೆ ಇಳಿದಾಗ, ಶಾಲೆಯು ಈ ವಿಷಯವನ್ನು ಸರ್ಕಾರಕ್ಕೆ ವರದಿ ಮಾಡಲಿರುವುದಾಗಿ ಆಕೆಗೆ ನೋಟಿಸ್ ಕೊಟ್ಟಿತು. ಆ ನೋಟಿಸ್‌ಗೆ ಕಾರಣವಾದ ಸಂಗತಿಗಳನ್ನೂ ಆಮೇಲೆ ನಡೆದದ್ದನ್ನೂ ಇಲ್ಲಿ ಲೆಕ್ಕಸಮೇತ ಪರಿಶೀಲಿಸಲಾಗಿದೆ. ಇದು ಯಾವುದೇ ಒಬ್ಬ ವ್ಯಕ್ತಿಯ ಕಡತದಿಂದ ಎತ್ತಿಕೊಂಡ ಪ್ರಕರಣವಲ್ಲ. ನಿಯಮಗಳು ವಾಸ್ತವದಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ತೋರಿಸಲು ಕಟ್ಟಿಕೊಂಡ ಮಾದರಿ ಪ್ರಕರಣ. ವಿದ್ಯಾರ್ಥಿನಿಯೂ ಶಾಲೆಯೂ ಕಲ್ಪಿತ, ಆದರೆ ಕಾನೂನಿನ ಷರತ್ತುಗಳು ಮತ್ತು ಗಡುವುಗಳು ಅಲ್ಲಿ ಜಾರಿಯಲ್ಲಿರುವಂಥವೇ.

ನಿಯಮದ ಮೂಲ

ವಿದೇಶಿ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಆಸ್ಟ್ರೇಲಿಯಾದ ಸಂಸ್ಥೆಗಳೆಲ್ಲ 2000ನೇ ಇಸವಿಯ ಇ.ಎಸ್.ಒ.ಎಸ್. (ವಿದೇಶಿ ವಿದ್ಯಾರ್ಥಿಗಳ ಶಿಕ್ಷಣ ಸೇವೆಗಳ) ಕಾಯ್ದೆಗೆ ಒಳಪಟ್ಟಿವೆ. ಅದರ ಕೆಳಗೆ ರೂಪಿಸಿದ, 2018ರ ಜನವರಿ 1ರಿಂದ ಜಾರಿಗೆ ಬಂದ ನ್ಯಾಷನಲ್ ಕೋಡ್ ಎಂಬ ನಿಯಮಾವಳಿಯ 8ನೇ ಮಾನದಂಡವು ಹಾಜರಾತಿ ಮತ್ತು ಕಲಿಕೆಯ ಪ್ರಗತಿಗೆ ಸಂಬಂಧಿಸಿದ್ದು. ವಿಶ್ವವಿದ್ಯಾಲಯದ ಪದವಿ ತರಗತಿಗಳಲ್ಲಿ ಈ ಕೋಡ್ ನೋಡುವುದು ಪ್ರಗತಿಯನ್ನು ಮಾತ್ರ. ಶಾಲೆಗಳು, ಪದವಿಪೂರ್ವ ತಯಾರಿಯ ಫೌಂಡೇಶನ್ ಕೋರ್ಸುಗಳು ಮತ್ತು ಎಲಿಕೋಸ್ ಎಂದು ಕರೆಯಲಾಗುವ ಇಂಗ್ಲಿಷ್ ಭಾಷಾ ಕೋರ್ಸುಗಳಲ್ಲಿ ಹಾಜರಿಯನ್ನು ಗಂಟೆ ಗಂಟೆಗೂ ಲೆಕ್ಕ ಹಾಕುವುದು ಕಡ್ಡಾಯ. ಎಲಿಕೋಸ್‌ಗೆ ಪ್ರತ್ಯೇಕ ಮಾನದಂಡಗಳೂ ಇವೆ: ವಾರಕ್ಕೆ ಕನಿಷ್ಠ 20 ಗಂಟೆಗಳ ಮುಖಾಮುಖಿ ಪಾಠ ನಡೆಯಬೇಕು ಮತ್ತು ಒಂದು ತರಗತಿಯಲ್ಲಿ 18ಕ್ಕಿಂತ ಹೆಚ್ಚು ಮಂದಿ ಇರುವಂತಿಲ್ಲ. ಭಾಷೆಯ ತರಗತಿಗೆ ಇಷ್ಟು ಬಿಗಿ ಇರುವುದು ನನಗೆ ಸರಿಯೆನ್ನಿಸುತ್ತದೆ. ಅರ್ಥಶಾಸ್ತ್ರದ ಪುಸ್ತಕವನ್ನು ಕೋಣೆಯಲ್ಲಿ ಕುಳಿತು ಓದಿ ಪರೀಕ್ಷೆ ಬರೆದುಬಿಡಬಹುದು. ಆದರೆ ಪಕ್ಕದಲ್ಲಿ ಕೂತ ಕೊಲಂಬಿಯಾದವನೊಡನೆಯೋ ಥಾಯ್ಲೆಂಡಿನವಳೊಡನೆಯೋ ಇಂಗ್ಲಿಷಿನಲ್ಲೇ ವಾದಿಸಬೇಕಾದ ಆ ಎರಡು ಗಂಟೆಗಳನ್ನು ಮನೆಯಲ್ಲಿ ತುಂಬಿಕೊಳ್ಳಲು ಆಗುವುದಿಲ್ಲ.

ವಿದ್ಯಾರ್ಥಿಯ ಮಟ್ಟಿಗೆ ಈ ನಿಯಮವು ವೀಸಾದ 8202ನೇ ಷರತ್ತಿನ ಮೂಲಕ ಅನ್ವಯಿಸುತ್ತದೆ. ನೋಂದಣಿಯನ್ನು ಉಳಿಸಿಕೊಳ್ಳಬೇಕು, ಕಲಿಕೆ ಅಥವಾ ಹಾಜರಾತಿ ತೃಪ್ತಿಕರವಾಗಿಲ್ಲವೆಂದು ಶಾಲೆಯು ದೃಢೀಕರಿಸುವ ಸ್ಥಿತಿ ಬರಬಾರದು ಎನ್ನುವುದು ಆ ಷರತ್ತಿನ ಸಾರ. ನಮ್ಮಲ್ಲಿ ಪಿಯುಸಿಗೆ ಶೇ. 75 ಹಾಜರಾತಿ ಬೇಕೆಂಬುದು ಎಲ್ಲರಿಗೂ ಗೊತ್ತಿದೆ; ಶಾರ್ಟೇಜ್ ಬಂದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಭಯವೂ, ವೈದ್ಯಕೀಯ ಪ್ರಮಾಣಪತ್ರ ತಂದುಕೊಟ್ಟರೆ ಕೊನೆಯಲ್ಲಿ ಹೇಗೋ ಸರಿಹೋಗುತ್ತದೆ ಎಂಬ ಧೈರ್ಯವೂ ಜೊತೆಜೊತೆಯಾಗಿ ಇರುತ್ತವೆ. ಈ ವಿದ್ಯಾರ್ಥಿನಿ ಅವೆರಡನ್ನೂ ಕಟ್ಟಿಕೊಂಡೇ ವಿಮಾನ ಹತ್ತಿದ್ದಳು, ಮತ್ತು ಆಕೆಯನ್ನು ಕಳಿಸಿದ ಏಜೆಂಟರು ಆ ಧೈರ್ಯವನ್ನು ತಿದ್ದುವ ಗೋಜಿಗೆ ಹೋಗಿರಲಿಲ್ಲ.

ಮೊದಲ ಹತ್ತು ವಾರ

ಆಕೆಯ ಕೋರ್ಸು 20 ವಾರಗಳದ್ದು. ದಿನಕ್ಕೆ 4 ಗಂಟೆ, ವಾರಕ್ಕೆ 5 ದಿನ, ಒಟ್ಟು 400 ಗಂಟೆ. ಅದು ಮುಗಿದ ಮೇಲೆ ಅದೇ ವೀಸಾದ ಮೇಲೆ ಇನ್ನೊಂದು ಸಂಸ್ಥೆಯಲ್ಲಿ ಡಿಪ್ಲೊಮಾ ಸೇರಬೇಕಿತ್ತು. 400ರಲ್ಲಿ ಶೇ. 20 ಎಂದರೆ 80 ಗಂಟೆ, ಅಂದರೆ ಪೂರ್ತಿ ನಾಲ್ಕು ವಾರ. ಕಾಗದದ ಮೇಲೆ ನೋಡಿದವರಿಗೆ ಇದು ಧಾರಾಳವಾದ ಅವಕಾಶವೆಂದೇ ಕಾಣುತ್ತದೆ.

ಆಕೆ ವಾಸವಿದ್ದದ್ದು ನಗರದ ಪಶ್ಚಿಮಕ್ಕಿರುವ, ಭಾರತೀಯ ಕುಟುಂಬಗಳು ಬಹಳವಾಗಿ ನೆಲೆಸಿರುವ ಟಾರ್ನೀಟ್‌ನಲ್ಲಿ. ಡೆರಿಮಟ್‌ನ ವೇರ್‌ಹೌಸ್ ಒಂದರಲ್ಲಿ ರಾತ್ರಿ ಪಾಳಿ. ವಿದ್ಯಾರ್ಥಿ ವೀಸಾದವರು ಕೋರ್ಸು ನಡೆಯುತ್ತಿರುವಾಗ ಎರಡು ವಾರಕ್ಕೆ 48 ಗಂಟೆ ಮಾತ್ರ ದುಡಿಯಬಹುದೆಂಬ, 2023ರ ಜುಲೈಯಿಂದ ಇರುವ ಮಿತಿಯನ್ನು ಆಕೆ ಒಮ್ಮೆಯೂ ಮೀರಿರಲಿಲ್ಲ. ತೊಂದರೆ ಇದ್ದದ್ದು ಗಂಟೆಗಳ ಸಂಖ್ಯೆಯಲ್ಲಲ್ಲ, ಅವು ಬೀಳುತ್ತಿದ್ದ ಹೊತ್ತಿನಲ್ಲಿ. ಬೆಳಿಗ್ಗೆ ಪಾಳಿ ಮುಗಿಸಿ ಮನೆಗೆ ಬಂದು, ಸ್ನಾನ ಮಾಡಿ, ನಗರದ ಸದರ್ನ್ ಕ್ರಾಸ್ ನಿಲ್ದಾಣಕ್ಕೆ ಹೋಗುವ ವಿ-ಲೈನ್ ರೈಲು ಹಿಡಿಯಬೇಕು. ಟಾರ್ನೀಟ್‌ನಲ್ಲಿ ವಾರದ ದಿನಗಳಲ್ಲಿ ಸುಮಾರು 20 ನಿಮಿಷಕ್ಕೊಂದು ರೈಲು. ಆಕೆಯ ಶಾಲೆಯ ನಿಯಮದಂತೆ ದಿನದ ಪಾಠ ಎರಡೆರಡು ಗಂಟೆಯ ಎರಡು ಅವಧಿಗಳಾಗಿ ನಡೆಯುತ್ತದೆ, ಮತ್ತು ಅವಧಿ ಶುರುವಾಗಿ 15 ನಿಮಿಷ ಕಳೆದ ಮೇಲೆ ಬಂದವರಿಗೆ ಆ ಇಡೀ ಅವಧಿಗೆ ಗೈರುಹಾಜರಿ ಬೀಳುತ್ತದೆ. ಒಂದು ರೈಲು ತಪ್ಪಿದರೆ 20 ನಿಮಿಷ ತಡ. 20 ನಿಮಿಷ ತಡವೆಂದರೆ ಎರಡು ಗಂಟೆ ನಷ್ಟ. ತಡವಾಗಿ ಬಂದ ದಿನವೂ ಆಕೆ ತರಗತಿಯಲ್ಲಿ ಕೂತು ಪಾಠ ಕೇಳಿದ್ದಳು, ಟಿಪ್ಪಣಿ ಬರೆದಿದ್ದಳು. ಹಾಜರಿ ಪಟ್ಟಿಯಲ್ಲಿ ಮಾತ್ರ ಆಕೆ ಅಲ್ಲಿರಲಿಲ್ಲ.

ಮೊದಲ ಆರು ವಾರಗಳಲ್ಲಿ ಹೀಗೆ 9 ಸಲ ಆಯಿತು, 18 ಗಂಟೆ ಹೋಯಿತು. ಏಳನೇ ವಾರ ಜ್ವರ ಬಂದು ನಾಲ್ಕು ದಿನ ಮಲಗಿದಳು, ಇನ್ನು 16 ಗಂಟೆ. ಆಕೆ ಜಿ.ಪಿ. ವೈದ್ಯರನ್ನು ಕಂಡದ್ದು ಮೂರನೇ ದಿನ. ಅವರು ಆ ದಿನಕ್ಕೂ ಮರುದಿನಕ್ಕೂ ಪ್ರಮಾಣಪತ್ರ ಬರೆದುಕೊಟ್ಟರೇ ಹೊರತು, ತಾವು ಪರೀಕ್ಷಿಸದೆ ಇದ್ದ ಹಿಂದಿನ ಎರಡು ದಿನಗಳನ್ನು ಅದರಲ್ಲಿ ಸೇರಿಸಲು ಒಪ್ಪಲಿಲ್ಲ. ಈ ಪ್ರಮಾಣಪತ್ರವನ್ನು ಶಾಲೆಗೆ ಕೊಟ್ಟಾಕ್ಷಣ ಆ ಗಂಟೆಗಳು ಹಾಜರಿಯಾಗಿ ಮಾರ್ಪಡುತ್ತವೆ ಎಂದು ಆಕೆ ತಿಳಿದಿದ್ದಳು. ಹಾಗಾಗುವುದಿಲ್ಲ. ಕಾಯಿಲೆಯಿಂದ ಬಾರದಿದ್ದರೂ ಬಾರದ ಗಂಟೆ ಬಾರದ ಗಂಟೆಯೇ. ಪ್ರಮಾಣಪತ್ರ ಕಡತ ಸೇರುತ್ತದೆ, ಹಾಜರಾತಿ ಶೇ. 80ಕ್ಕಿಂತ ಕೆಳಗಿಳಿದರೆ ವರದಿ ಮಾಡಬೇಕೇ ಬೇಡವೇ ಎಂದು ಯೋಚಿಸುವಾಗ ಅದನ್ನು ಹೊರತೆಗೆಯುತ್ತಾರೆ. ಹೊಸದಾಗಿ ಹೋಗುವ ನಮ್ಮ ವಿದ್ಯಾರ್ಥಿಗಳು ಈ ಒಂದು ಸಂಗತಿಯನ್ನು ತಿಳಿದು ಹೋದರೆ ಸಾಕು, ಅರ್ಧ ಆತಂಕ ತಪ್ಪುತ್ತದೆ.

ಎಂಟರಿಂದ ಹತ್ತನೇ ವಾರದೊಳಗೆ ಮತ್ತೆ 4 ಸಲ ತಡವಾಯಿತು. ಒಟ್ಟು ನಷ್ಟ 42 ಗಂಟೆ, ಇಡೀ ಕೋರ್ಸಿನ 400 ಗಂಟೆಗಳ ಲೆಕ್ಕದಲ್ಲಿ ಹಾಜರಾತಿ ಶೇ. 89.5. ಶೇ. 90ಕ್ಕಿಂತ ಕೆಳಗಿಳಿದವರಿಗೆ ಎಚ್ಚರಿಕೆ ಪತ್ರ ಕಳಿಸುವುದು ಶಾಲೆಯ ಪದ್ಧತಿ, ಮತ್ತು ಪತ್ರ ಬಂತು. ನಿಮ್ಮ ಹಾಜರಾತಿ ಈಗ ಶೇ. 89.5, ದಯವಿಟ್ಟು ನಿಯಮಿತವಾಗಿ ತರಗತಿಗೆ ಬನ್ನಿ ಎಂಬಷ್ಟೇ ಅದರ ಒಕ್ಕಣೆ. ಎಂಬತ್ತೊಂಬತ್ತೂವರೆ ಎಂಬ ಅಂಕಿಯನ್ನು ನೋಡಿ ಆಕೆ ನಿರಾಳವಾದಳು. ಉಳಿದಿದ್ದ ಅವಕಾಶ 38 ಗಂಟೆ, ಅಂದರೆ ಒಂಬತ್ತೂವರೆ ದಿನ ಮಾತ್ರ ಎಂದು ಅದೇ ಪತ್ರದಲ್ಲಿ ಬರೆದಿದ್ದರೆ ಆಕೆ ಅದನ್ನು ಬೇರೆ ರೀತಿಯಲ್ಲಿ ಓದುತ್ತಿದ್ದಳೆಂದು ನಾನು ನಂಬುತ್ತೇನೆ.

ಇಲ್ಲಿ ಶಾಲೆಯ ಲೋಪವನ್ನು ಸ್ಪಷ್ಟವಾಗಿ ಗುರುತಿಸಬೇಕು. ಹಾಜರಾತಿ ಶೇ. 80ಕ್ಕೆ ಇಳಿಯುವ ಮೊದಲೇ ಅಪಾಯದಲ್ಲಿರುವ ವಿದ್ಯಾರ್ಥಿಯನ್ನು ಗುರುತಿಸಿ, ತಿಳಿಸಿ, ನೆರವಾಗಬೇಕೆಂದು 8ನೇ ಮಾನದಂಡ ಹೇಳುತ್ತದೆ. ಶಾಲೆಯು ಗುರುತಿಸಿತ್ತು, ತಿಳಿಸಿಯೂ ಇತ್ತು, ನೆರವಾಗಿರಲಿಲ್ಲ. ಗೈರುಹಾಜರಿಗಳಲ್ಲಿ ಹೆಚ್ಚಿನವು ಬೆಳಗಿನ ಮೊದಲ ಅವಧಿಯಲ್ಲೇ ಬಿದ್ದಿವೆ ಎಂಬುದು ಹಾಜರಿ ಪಟ್ಟಿಯ ಮೇಲೆ ಕಣ್ಣಾಡಿಸಿದ ಯಾರಿಗಾದರೂ ತಿಳಿಯುತ್ತಿತ್ತು. ಅದೇ ಶಾಲೆಯಲ್ಲಿ ಮಧ್ಯಾಹ್ನದ ತಂಡವೂ ಇತ್ತು. ಆಕೆಯನ್ನು ಕರೆದು ಹತ್ತು ನಿಮಿಷ ಮಾತಾಡಿಸಿ ಆ ತಂಡಕ್ಕೆ ಬದಲಿಸಿದ್ದರೆ ಮುಂದಿನ ಪತ್ರವ್ಯವಹಾರದ ಅಗತ್ಯವೇ ಬೀಳುತ್ತಿರಲಿಲ್ಲ.

ಹನ್ನೊಂದನೇ ವಾರ

ಹತ್ತನೇ ವಾರದ ಶನಿವಾರ ರಾತ್ರಿ ಊರಿನಿಂದ ಅಣ್ಣನ ಫೋನ್ ಬಂತು. "ಅಪ್ಪಾಜಿಗೆ ಎದೆನೋವು ಬಂತು, ಬೆಂಗಳೂರಿಗೆ ಕರೆದುಕೊಂಡು ಬಂದಿದ್ದೀವಿ. ಬೈಪಾಸ್ ಮಾಡಬೇಕಂತೆ. ನೀನು ಹೊರಟು ಬಾರಮ್ಮ." ಆಕೆ ಭಾನುವಾರವೇ ಹೊರಟಳು. ಶಾಲೆಗೆ ಏನನ್ನೂ ಬರೆಯಲಿಲ್ಲ. 12 ತರಗತಿಯ ದಿನಗಳು ತಪ್ಪಿದವು, 48 ಗಂಟೆ. 13ನೇ ವಾರದ ಬುಧವಾರ ತರಗತಿಗೆ ಮರಳುವಾಗ ಒಟ್ಟು ನಷ್ಟ 90 ಗಂಟೆಯಾಗಿತ್ತು.

ಅನುಮತಿಯಿಲ್ಲದೆ ಸತತ ಐದು ದಿನಕ್ಕಿಂತ ಹೆಚ್ಚು ಗೈರಾದವರನ್ನು ಶಾಲೆಯೇ ಸಂಪರ್ಕಿಸಿ ನೆರವಾಗಬೇಕೆಂಬುದು ಅದೇ 8ನೇ ಮಾನದಂಡದ ಇನ್ನೊಂದು ಅಂಶ. ಆರನೇ ದಿನ ಶಾಲೆಯಿಂದ ಒಂದು ಇ-ಮೇಲ್ ಹೋಯಿತು, ಆಸ್ಟ್ರೇಲಿಯಾದ ನಂಬರಿಗೆ ಒಂದು ಎಸ್ಎಂಎಸ್ ಹೋಯಿತು. ಆ ಸಿಮ್ ಭಾರತದಲ್ಲಿ ಕೆಲಸ ಮಾಡುತ್ತಿರಲಿಲ್ಲ. ಶಾಲೆ ಕೊಟ್ಟ ಇ-ಮೇಲ್ ಖಾತೆಯನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಕುಳಿತ ಮಗಳು ತೆರೆದು ನೋಡಲಿಲ್ಲ. ಪ್ರವೇಶದ ಅರ್ಜಿಯಲ್ಲಿ ತುರ್ತು ಸಂಪರ್ಕಕ್ಕೆಂದು ಬರೆಸಿಕೊಂಡಿದ್ದ ಅಣ್ಣನ ನಂಬರಿಗೆ ಯಾರೂ ಕರೆ ಮಾಡಲಿಲ್ಲ. ಹನ್ನೆರಡನೇ ದಿನ ವರದಿ ಮಾಡುವ ಉದ್ದೇಶದ ನೋಟಿಸ್ ಹೊರಟಿತು.

ಹೊರಡುವ ಮೊದಲು ಆಕೆ ಮಾಡಬಹುದಾಗಿದ್ದ ಒಂದು ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದು ಇದೆಯೆಂಬುದೇ ಬಹಳ ಮಂದಿಗೆ ಗೊತ್ತಿಲ್ಲ. ನ್ಯಾಷನಲ್ ಕೋಡ್‌ನ 9ನೇ ಮಾನದಂಡದಂತೆ ಅನುಕಂಪಕ್ಕೆ ಅರ್ಹವಾದ ಅಥವಾ ಅನಿವಾರ್ಯವಾದ ಕಾರಣವಿದ್ದಾಗ ವಿದ್ಯಾರ್ಥಿಯು ತನ್ನ ವ್ಯಾಸಂಗವನ್ನು ತಾತ್ಕಾಲಿಕವಾಗಿ ತಡೆಹಿಡಿಯುವಂತೆ ಶಾಲೆಯನ್ನು ಕೇಳಬಹುದು. ಹತ್ತಿರದ ಬಂಧುಗಳ ಗಂಭೀರ ಕಾಯಿಲೆ ಮತ್ತು ಸಾವು ಇಂಥ ಕಾರಣಗಳೆಂದು ಸಾಮಾನ್ಯವಾಗಿ ಎಲ್ಲ ಶಾಲೆಗಳೂ ಒಪ್ಪುತ್ತವೆ. ಶಾಲೆ ಸಮ್ಮತಿಸಿ ಅದನ್ನು ವಿದೇಶಿ ವಿದ್ಯಾರ್ಥಿಗಳ ದಾಖಲಾತಿಯ ವಿವರಗಳನ್ನಿಡುವ ಸರ್ಕಾರದ ಪ್ರಿಸ್ಮ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ದಾಖಲಿಸಿದರೆ, ಆ ದಿನಗಳ ತರಗತಿಗಳು ಆಕೆಯ ಪಾಲಿಗೆ ನಿಗದಿಯಾದವೇ ಅಲ್ಲವಾದ್ದರಿಂದ ಗೈರುಹಾಜರಿಯ ಪ್ರಶ್ನೆ ಏಳುವುದಿಲ್ಲ. ಇದಕ್ಕೊಂದು ಬೆಲೆಯೂ ಇದೆ: ಇಂಗ್ಲಿಷ್ ಕೋರ್ಸು ಮುಗಿಯುವ ದಿನಾಂಕ ಮುಂದೆ ಹೋಗುತ್ತದೆ, ಡಿಪ್ಲೊಮಾ ಆರಂಭದ ದಿನಾಂಕಕ್ಕೆ ಅದು ತಾಗಬಹುದು, ದಾಖಲಾತಿಯ ದೃಢೀಕರಣ ಪತ್ರಗಳನ್ನು ಬದಲಿಸಬೇಕಾಗಬಹುದು, ವೀಸಾದ ಅವಧಿಯನ್ನೂ ಒಮ್ಮೆ ನೋಡಿಕೊಳ್ಳಬೇಕು. ಆದರೂ ವಿಮಾನ ನಿಲ್ದಾಣದಿಂದಲೇ ನಾಲ್ಕು ಸಾಲು ಬರೆದು, ತಂದೆಯವರ ಶಸ್ತ್ರಚಿಕಿತ್ಸೆಗಾಗಿ ಭಾರತಕ್ಕೆ ಹೊರಟಿದ್ದೇನೆ, ವ್ಯಾಸಂಗವನ್ನು ಎರಡು ಮೂರು ವಾರ ತಡೆಹಿಡಿಯಿರಿ, ಆಸ್ಪತ್ರೆಯ ದಾಖಲೆಯನ್ನು ನಾಳೆ ಕಳಿಸುತ್ತೇನೆ ಎಂದು ಕೇಳಿದ್ದರೆ ಆ 48 ಗಂಟೆಗಳಲ್ಲಿ ಒಂದೂ ಗೈರುಹಾಜರಿಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮಗಳೊಬ್ಬಳಿಗೆ ಇದು ಹೊಳೆಯಲಿಲ್ಲವೆಂದು ಆಕ್ಷೇಪಿಸುವುದು ಕ್ರೂರವಾದೀತು. ಇದನ್ನು ಮೊದಲ ವಾರದ ಪರಿಚಯ ಸಭೆಯಲ್ಲೇ ಮನದಟ್ಟು ಮಾಡಿಸಬೇಕಾದದ್ದು ಶಾಲೆ.

ಎರಡು ಲೆಕ್ಕ

ನೋಟಿಸ್‌ನಲ್ಲಿ ಇದ್ದ ಅಂಕಿ ಶೇ. 77.5. ಇಡೀ ಕೋರ್ಸಿನ 400 ಗಂಟೆಗಳಲ್ಲಿ 90 ಕಳೆದು, ಮುಂದಿನ ಎಲ್ಲ ತರಗತಿಗಳಿಗೂ ಬಂದರೆ ಸಿಗಬಹುದಾದ ಗರಿಷ್ಠ ಹಾಜರಾತಿ ಅದು. ಆ ದಿನದವರೆಗೆ ನಡೆದ ಪಾಠವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಚಿತ್ರವೇ ಬೇರೆ: ನಡೆದದ್ದು 62 ದಿನ, 248 ಗಂಟೆ, ಆಕೆ ಹಾಜರಿದ್ದದ್ದು 158 ಗಂಟೆ, ಅಂದರೆ ಶೇ. 63.7. ಕನಿಷ್ಠ ಹಾಜರಾತಿಯನ್ನು ಯಾವ ವಿಧಾನದಿಂದ ಲೆಕ್ಕ ಹಾಕುತ್ತೇವೆಂದು ಶಾಲೆಯು ತನ್ನ ಲಿಖಿತ ನೀತಿಯಲ್ಲಿ ಹೇಳಿರಬೇಕೆಂದು ಕೋಡ್ ವಿಧಿಸುತ್ತದೆ. ಈ ಶಾಲೆಯದು ಮೊದಲನೆಯ ವಿಧಾನ.

ಈ ವ್ಯತ್ಯಾಸ ಕೇವಲ ಗಣಿತದ್ದಲ್ಲ. ವಿದ್ಯಾರ್ಥಿಯು ನಿಗದಿತ ಗಂಟೆಗಳಲ್ಲಿ ಕನಿಷ್ಠ ಶೇ. 70ರಷ್ಟಕ್ಕೆ ಹಾಜರಿದ್ದು, ಅನುಕಂಪಕ್ಕೆ ಅರ್ಹವಾದ ಅಥವಾ ಅನಿವಾರ್ಯವಾದ ಕಾರಣಗಳಿಗೆ ನಿಜವಾದ ಪುರಾವೆ ಕೊಟ್ಟರೆ, ವರದಿ ಮಾಡದಿರಲು ಶಾಲೆ ನಿರ್ಧರಿಸಬಹುದು ಎಂಬ ವಿನಾಯಿತಿ 8ನೇ ಮಾನದಂಡದಲ್ಲೇ ಇದೆ. ನಿರ್ಧರಿಸಬಹುದು ಎಂದಿದೆಯೇ ವಿನಾ ನಿರ್ಧರಿಸಲೇಬೇಕು ಎಂದಿಲ್ಲ. ಶೇ. 70ಕ್ಕಿಂತ ಕೆಳಗೆ ಹೋದರೆ ಈ ವಿನಾಯಿತಿ ಶಾಲೆಯ ಕೈಯಲ್ಲೂ ಉಳಿಯುವುದಿಲ್ಲ. ಶೇ. 77.5ರ ಲೆಕ್ಕದಂತೆ ಆಕೆಗೆ ಇನ್ನೂ 30 ಗಂಟೆಗಳ ಅಂತರವಿತ್ತು. ಆದ್ದರಿಂದ ನೋಟಿಸ್ ಬಂದವರು ಶಾಲೆಯ ಹಾಜರಾತಿ ನೀತಿಯ ಪ್ರತಿಯನ್ನು ಕೇಳಿ ಪಡೆದು, ಲೆಕ್ಕದ ವಿಧಾನವನ್ನು ಕೈಯಾರೆ ಪರೀಕ್ಷಿಸುವುದು ಮೊದಲ ಕೆಲಸವಾಗಬೇಕು.

ಇನ್ನೊಂದು ಲೆಕ್ಕವನ್ನು ನೋಟಿಸ್ ಮಾಡಿರಲಿಲ್ಲ, ಆಕೆಯೂ ಮಾಡಿರಲಿಲ್ಲ. ಜ್ವರದ 16 ಗಂಟೆ, ತಂದೆಯ ಶಸ್ತ್ರಚಿಕಿತ್ಸೆಯ 48 ಗಂಟೆ ಸೇರಿದರೆ 64 ಗಂಟೆ. ಅಷ್ಟೇ ಆಗಿದ್ದರೆ ಹಾಜರಾತಿ ಶೇ. 84 ಇರುತ್ತಿತ್ತು, ಯಾವ ನೋಟಿಸೂ ಬರುತ್ತಿರಲಿಲ್ಲ. ಆಕೆಯನ್ನು ಗೆರೆಯ ಕೆಳಗೆ ತಳ್ಳಿದ್ದು ಹದಿಮೂರು ಬೆಳಿಗ್ಗೆಗಳ ತಡದಿಂದ ಕಳೆದುಹೋದ 26 ಗಂಟೆ. ತಂದೆಯ ಕಾಯಿಲೆಯೇ ತನ್ನ ಹಾಜರಾತಿಯನ್ನು ಕೆಡಿಸಿತೆಂದು ಆಕೆ ಪ್ರಾಮಾಣಿಕವಾಗಿಯೇ ನಂಬಿದ್ದಳು, ಹಾಜರಿ ಪಟ್ಟಿ ಅದನ್ನು ಸಮರ್ಥಿಸುತ್ತಿರಲಿಲ್ಲ.

ಮೇಲ್ಮನವಿ

ನೋಟಿಸ್ ತಲುಪಿದ ಮೇಲೆ ಶಾಲೆಯ ಆಂತರಿಕ ಮೇಲ್ಮನವಿಗೆ 20 ಕೆಲಸದ ದಿನಗಳ ಅವಕಾಶವಿರುತ್ತದೆ. ಆ ಅವಧಿಯಲ್ಲಿ, ಮತ್ತು ಮೇಲ್ಮನವಿ ಸಲ್ಲಿಸಿದರೆ ಅದು ಇತ್ಯರ್ಥವಾಗುವ ತನಕ, ಶಾಲೆಯು ಪ್ರಿಸ್ಮ್ಸ್‌ನಲ್ಲಿ ವರದಿ ಮಾಡುವಂತಿಲ್ಲ. ಸುಮ್ಮನಿದ್ದು ಗಡುವು ಮೀರಿದರೆ ಮಾತ್ರ ಅದರ ಕೈ ಕಟ್ಟಿರುವುದಿಲ್ಲ. ವಾಪಸಾದ ದಿನವೇ ನೋಟಿಸ್ ಓದಿದ ಆಕೆ ಮೊದಲ ವಾರ ಯಾರಿಗೂ ಹೇಳದೆ ಕಳೆದಳು. ಆಮೇಲೆ ಜೊತೆಯಲ್ಲಿ ವಾಸವಿದ್ದ ಹುಬ್ಬಳ್ಳಿಯ ಗೆಳತಿ ಕೂರಿಸಿಕೊಂಡು ಅರ್ಜಿ ಬರೆಸಿದಳು.

ಮೊದಲ ಕರಡು ಪೂರ್ತಿ ತಂದೆಯ ಬಗ್ಗೆ ಇತ್ತು. ಎರಡನೆಯದು ಬೇರೆ ಥರ ಬಂತು. ಆಸ್ಪತ್ರೆಯ ಡಿಸ್ಚಾರ್ಜ್ ಸಮರಿಯಲ್ಲಿ ದಾಖಲಾದ ದಿನ, ಶಸ್ತ್ರಚಿಕಿತ್ಸೆಯ ದಿನ, ಬಿಡುಗಡೆಯ ದಿನ ಮೂರೂ ಇದ್ದವು. ಎರಡು ಬೋರ್ಡಿಂಗ್ ಪಾಸ್‌ಗಳ ದಿನಾಂಕಗಳು ಅವುಗಳೊಂದಿಗೆ ತಾಳೆಯಾಗುತ್ತಿದ್ದವು. ತಂದೆಯ ಮತ್ತು ತನ್ನ ಸಂಬಂಧವನ್ನು ತೋರಿಸಲು ಪಾಸ್‌ಪೋರ್ಟಿನ ಪುಟ ಸೇರಿಸಿದಳು. ಜ್ವರದ ನಾಲ್ಕು ದಿನಗಳಲ್ಲಿ ಎರಡಕ್ಕೆ ಮಾತ್ರ ಪ್ರಮಾಣಪತ್ರವಿದೆಯೆಂದು ತಾನೇ ಬರೆದಳು. 26 ಗಂಟೆಯ ತಡಕ್ಕೆ ಪುರಾವೆಯಿಲ್ಲ, ರಾತ್ರಿ ಪಾಳಿಯೇ ಕಾರಣ, ಈಗ ಪಾಳಿಯನ್ನು ವಾರಾಂತ್ಯಕ್ಕೆ ಬದಲಿಸಿಕೊಂಡಿದ್ದೇನೆ, ಮಧ್ಯಾಹ್ನದ ತಂಡಕ್ಕೆ ಹಾಕಿಕೊಡಿ ಎಂದು ಕೇಳಿದಳು. ಆರನೇ ದಿನ ಅಣ್ಣನಿಗೆ ಕರೆ ಮಾಡಿದ್ದರೆ ಶಾಲೆಗೆ ವಿಷಯ ಅಂದೇ ತಿಳಿಯುತ್ತಿತ್ತು ಎಂಬ ಒಂದು ವಾಕ್ಯವನ್ನು, ದೂರಿನ ಧ್ವನಿಯಿಲ್ಲದೆ, ಕೊನೆಗೆ ಸೇರಿಸಿದಳು.

ಮೇಲ್ಮನವಿಯ ಪರಿಶೀಲನೆಯನ್ನು 10 ಕೆಲಸದ ದಿನಗಳೊಳಗೆ ಆರಂಭಿಸಬೇಕು, ವಿದ್ಯಾರ್ಥಿಯು ತನ್ನ ಪರವಾಗಿ ಮಾತಾಡಲು ಅವಕಾಶ ಪಡೆಯಬೇಕು, ಜೊತೆಗೆ ಒಬ್ಬರನ್ನು ಕರೆತರಬಹುದು, ಕಾರಣಸಹಿತವಾದ ಲಿಖಿತ ಉತ್ತರ ಸಿಗಬೇಕು. ಇವೆಲ್ಲ 10ನೇ ಮಾನದಂಡ ಕೊಟ್ಟಿರುವ ಹಕ್ಕುಗಳು. ಸಭೆಯಲ್ಲಿ ಶಸ್ತ್ರಚಿಕಿತ್ಸೆಯ ಬಗ್ಗೆ ಪ್ರಶ್ನೆಗಳೇ ಬರಲಿಲ್ಲ, ದಾಖಲೆಗಳು ಸಾಕಷ್ಟು ಹೇಳಿದ್ದವು. ಕೇಳಿದ್ದೆಲ್ಲ ಬೆಳಗಿನ ತಡದ ಬಗ್ಗೆ. ಅದಕ್ಕೆ ಆಕೆಯ ಬಳಿ ಉತ್ತರ ಸಿದ್ಧವಿತ್ತು, ಏಕೆಂದರೆ ಆಕೆ ಅದನ್ನು ಅರ್ಜಿಯಲ್ಲೇ ಒಪ್ಪಿಕೊಂಡಿದ್ದಳು.

ಶಾಲೆ ವರದಿ ಮಾಡದಿರಲು ನಿರ್ಧರಿಸಿತು. ಆಕೆಯನ್ನು ಮಧ್ಯಾಹ್ನದ ತಂಡಕ್ಕೆ ಬದಲಿಸಿ, ವಾರಕ್ಕೊಮ್ಮೆ ಹಾಜರಾತಿಯನ್ನು ಗಂಟೆಗಳಲ್ಲೇ ತಿಳಿಸುವ ಒಪ್ಪಂದ ಮಾಡಿಕೊಂಡಿತು.

ತಿರಸ್ಕರಿಸಿದ್ದರೆ

ಆಂತರಿಕ ಮೇಲ್ಮನವಿ ಬಿದ್ದುಹೋದರೆ ಹೊರಗಿನ ಪರಿಶೀಲನೆಯ ದಾರಿಯನ್ನು ಶಾಲೆಯೇ 10 ಕೆಲಸದ ದಿನಗಳಲ್ಲಿ ತಿಳಿಸಬೇಕು. ಖಾಸಗಿ ಇಂಗ್ಲಿಷ್ ಶಾಲೆಗಳ ವಿದೇಶಿ ವಿದ್ಯಾರ್ಥಿಗಳು ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವ ಕಾಮನ್‌ವೆಲ್ತ್ ಒಂಬುಡ್ಸ್‌ಮನ್ ಕಚೇರಿಗೆ ಉಚಿತವಾಗಿ ದೂರು ಕೊಡಬಹುದು. ಅಲ್ಲಿ ವಿದ್ಯಾರ್ಥಿಯ ಪರವಾಗಿ ಅಭಿಪ್ರಾಯ ಬಂದರೆ ಶಾಲೆ ಅದನ್ನು ಕೂಡಲೇ ಜಾರಿಗೊಳಿಸಬೇಕು. ವಿಶ್ವವಿದ್ಯಾಲಯಗಳಂಥ ಉನ್ನತ ಶಿಕ್ಷಣ ಸಂಸ್ಥೆಗಳ ದೂರುಗಳಿಗೆ 2025ರ ಫೆಬ್ರವರಿಯಿಂದ ಪ್ರತ್ಯೇಕವಾದ ರಾಷ್ಟ್ರೀಯ ವಿದ್ಯಾರ್ಥಿ ಒಂಬುಡ್ಸ್‌ಮನ್ ಇದೆ.

ಅಲ್ಲೂ ಸೋತರೆ ವರದಿ ವೀಸಾ ನೋಡಿಕೊಳ್ಳುವ ಗೃಹ ಇಲಾಖೆಗೆ ಹೋಗುತ್ತದೆ, ಆದರೆ ಅದರಿಂದ ವೀಸಾ ತನ್ನಷ್ಟಕ್ಕೆ ರದ್ದಾಗುವುದಿಲ್ಲ. ಹಿಂದೆ ಹಾಗಾಗುತ್ತಿತ್ತು: ಶಾಲೆಯ ನೋಟಿಸ್ ಬಂದ 28 ದಿನಗಳೊಳಗೆ ಇಲಾಖೆಯ ಕಚೇರಿಗೆ ಹಾಜರಾಗದವರ ವೀಸಾ ತಾನೇ ತಾನಾಗಿ ರದ್ದಾಗುತ್ತಿತ್ತು. ಸರ್ಕಾರ ನೇಮಿಸಿದ್ದ ಮೈಕಲ್ ನೈಟ್ ಅವರು 2011ರಲ್ಲಿ ಕೊಟ್ಟ ವಿದ್ಯಾರ್ಥಿ ವೀಸಾ ಪರಿಶೀಲನಾ ವರದಿಯ ಶಿಫಾರಸಿನಂತೆ 2013ರಲ್ಲಿ ಅದನ್ನು ಕೈಬಿಡಲಾಯಿತು. ಈಗ ವಲಸೆ ಕಾಯ್ದೆಯ 116ನೇ ಸೆಕ್ಷನ್ ಪ್ರಕಾರ ಅಧಿಕಾರಿಯು ರದ್ದತಿಯನ್ನು ಪರಿಗಣಿಸುವ ನೋಟಿಸ್ ಕೊಟ್ಟು, ವಿದ್ಯಾರ್ಥಿಯ ಉತ್ತರವನ್ನು ನೋಡಿ ತೀರ್ಮಾನಿಸುತ್ತಾರೆ. ರದ್ದಾದರೆ, 2024ರ ಅಕ್ಟೋಬರ್‌ನಲ್ಲಿ ಹಳೆಯ ಮೇಲ್ಮನವಿ ಮಂಡಳಿಯ ಜಾಗಕ್ಕೆ ಬಂದ ಆಡಳಿತಾತ್ಮಕ ಪರಿಶೀಲನಾ ನ್ಯಾಯಮಂಡಳಿಯ ಮೊರೆ ಹೋಗಬಹುದು. ಅಲ್ಲಿ ಶುಲ್ಕ ದುಬಾರಿ, ಕಾಯುವ ಕಾಲ ದೀರ್ಘ. ಶಾಲೆಯ ಮೇಜಿನ ಮುಂದೆ ಬಿಡಿಗಾಸಿಲ್ಲದೆ ಮುಗಿಯಬಹುದಾದ ವಿಷಯವನ್ನು ಅಲ್ಲಿಯವರೆಗೆ ಒಯ್ಯಬಾರದು.

ಕೋರ್ಸಿನ ಉಳಿದ 38 ದಿನಗಳಲ್ಲಿ ಆಕೆ ಒಂದು ದಿನ ಜ್ವರದಿಂದಲೂ, ಎರಡು ಅವಧಿ ತಡದಿಂದಲೂ 8 ಗಂಟೆ ಕಳೆದುಕೊಂಡಳು. ಅಂತಿಮ ಹಾಜರಾತಿ 400ರಲ್ಲಿ 302 ಗಂಟೆ, ಶೇ. 75.5. ಶೇ. 80 ಮತ್ತೆ ಸಿಗಲು ಮೊದಲೇ ಸಾಧ್ಯವಿರಲಿಲ್ಲ, ಶೇ. 70ರ ಗೆರೆ ಮಾತ್ರ ಉಳಿಯಿತು. ಮೇಲ್ಮನವಿಯ ತೀರ್ಮಾನ, ಒಪ್ಪಂದ ಮತ್ತು ಆಸ್ಪತ್ರೆಯ ದಾಖಲೆಗಳ ಪ್ರತಿಗಳನ್ನು ಆಕೆ ಒಂದೇ ಕಡತದಲ್ಲಿ ಇಟ್ಟುಕೊಂಡು ಡಿಪ್ಲೊಮಾಕ್ಕೆ ಸೇರಿದಳು. ಅಲ್ಲಿ ಹಾಜರಾತಿಯ ಗಂಟೆಗಳನ್ನಲ್ಲ, ವಿಷಯಗಳಲ್ಲಿ ತೇರ್ಗಡೆಯಾಗುವುದನ್ನು ಮೊದಲು ನೋಡುತ್ತಾರೆ. ಆದರೆ ಆಕೆಯ ವೀಸಾದ ಮೇಲೆ 8202ನೇ ಷರತ್ತು ಹಾಗೆಯೇ ಇದೆ.